ಹಾವೇರಿ ಸೀಮೆಯ ಶಾವಿಗೆ, ಕಡಬು ಮತ್ತು ಹಂಗಾಮಿನ ಕಾಯಿಪಲ್ಲೆ

ಗೋದಿ, ಅಕ್ಕಿ ಇಲ್ಲವೇ ಜೋಳದ ಹಿಟ್ಟನ್ನು ಗಟ್ಟಿಯಾಗಿ ನಾದಿ, ಎಳೆ ತೆಗೆದೋ ಬಿಲ್ಲೆ ಒತ್ತಿಯೋ ಕಾಳಿನಂತೆ ಹೊಸೆದೋ ರೂಪ ಕೊಟ್ಟು, ಹಸಿಯಿದ್ದಾಗಲೇ ಇಲ್ಲವೇ ಬಿಸಿಲಿಗೆ ಒಣಗಿಸಿಟ್ಟು ಬೇಕಾದಾಗ ಬೇಯಿಸಿ ಉಣ್ಣುವ ಅಡುಗೆಗಳು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಮನೆಗಳಲ್ಲಿ ಹಲವಿವೆ. ಶಾವಿಗೆ, ಒತ್ತುಶಾವಿಗೆ, ಗೌಲಿ, ಸೌತೆಬೀಜ, ಮೆಂತ್ಯದ ಕಡಬು ಇವುಗಳಲ್ಲಿ ಮುಖ್ಯವಾದವು. ಇಟಲಿಯ ಭಾಷೆಯಲ್ಲಿ ಪಾಸ್ತಾ ಎಂದರೆ ನಾದಿದ ಹಿಟ್ಟು, ನಮ್ಮ ಮಾತಿನ ಕಣಕ. ಆ ಅರ್ಥ ಹಿಡಿದರೆ ಇವೆಲ್ಲ ಈ ಸೀಮೆಯ ಪಾಸ್ತಾಗಳೇ.

ಶಾವಿಗೆ ಎಂದೊಡನೆ ಹಾಲು, ಬೆಲ್ಲ, ತುಪ್ಪ ನೆನಪಾಗುವುದು ಸಹಜ. ಆದರೆ ಪಾಯಸವೊಂದನ್ನೇ ಹಿಡಿದು ಕೂತರೆ ಈ ಅಡುಗೆಯ ಅರ್ಧ ಮಾತ್ರ ಕಾಣುತ್ತದೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಸೇರಿ ಮಾಡಿ ಒಣಗಿಸಿಟ್ಟ ಹಿಟ್ಟಿನ ಪದಾರ್ಥ ಒಂದು ಕಡೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ಹಿತ್ತಲಲ್ಲಿ, ವಾರದ ಸಂತೆಯಲ್ಲಿ ಸರದಿಯಂತೆ ಬರುವ ತಪ್ಪಲು ಪಲ್ಲೆ, ಕಾಯಿ, ಹಸಿಕಾಳು ಇನ್ನೊಂದು ಕಡೆ. ಎರಡೂ ಒಂದೇ ಬೋಗುಣಿಯಲ್ಲಿ ಕೂಡುವುದು ಈ ಸೀಮೆಯ ದಿನನಿತ್ಯದ ಜಾಣತನ. ಹಬ್ಬದ ಸಿಹಿಯಷ್ಟು ಹೆಸರು ಅದಕ್ಕೆ ಬಂದಿಲ್ಲ. ಬರಬೇಕಿತ್ತು.

ನೆಲ ಮತ್ತು ಬೆಳೆ

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ಈ ನಾಲ್ಕು ತಾಲ್ಲೂಕುಗಳು ಒಂದಕ್ಕೊಂದು ಹತ್ತಿರವಿದ್ದರೂ ನೆಲ ಒಂದೇ ಅಲ್ಲ. ಹಾನಗಲ್ಲ ಪಶ್ಚಿಮಕ್ಕೆ ಮುಂಡಗೋಡ, ಶಿರಸಿ, ಸೊರಬದ ಕಡೆ ಒರಗಿಕೊಂಡ ಅರೆಮಲೆನಾಡು: ಕೆರೆಗಳು, ಭತ್ತದ ಗದ್ದೆ, ಮಾವಿನ ತೋಪು, ಅಡಿಕೆ. ಆ ತಾಲ್ಲೂಕಿನ ದೊಡ್ಡ ಊರೊಂದರ ಹೆಸರೇ ಅಕ್ಕಿಆಲೂರು. ಶಿಗ್ಗಾವಿಯ ಪಶ್ಚಿಮದ ಅಂಚೂ ಹೀಗೆಯೇ. ಬಂಕಾಪುರ ದಾಟಿ ಪೂರ್ವಕ್ಕೆ ಬಂದಂತೆ ಬಯಲು ತೆರೆಯುತ್ತದೆ. ಸವಣೂರು ಬಹುಮಟ್ಟಿಗೆ ಬಯಲಸೀಮೆ: ಜೋಳ, ಹತ್ತಿ, ಕಡಲೆ, ಶೇಂಗಾ, ವರದಾ ನದಿಯ ಆಸುಪಾಸಿನಲ್ಲಿ ಕಾಯಿಪಲ್ಲೆ, ಜೊತೆಗೆ ಹೆಸರಾಂತ ವೀಳ್ಯದೆಲೆ. ಹಿರೇಕೆರೂರು ದಕ್ಷಿಣಕ್ಕೆ ಶಿಕಾರಿಪುರಕ್ಕೆ ಅಂಟಿಕೊಂಡ ನಾಡು. ಗೋವಿನಜೋಳ ಅಲ್ಲಿ ಈಗ ಮುಖ್ಯ ಬೆಳೆ.

ಹೀಗಾಗಿ ಒಂದೇ ಜಿಲ್ಲೆಯೊಳಗೆ ಎರಡು ಶಾವಿಗೆಗಳಿವೆ. ಬಯಲಿನ ಕಡೆ ಗೋದಿಯದು, ಒಣಗಿಸಿ ವರ್ಷಪೂರ್ತಿ ಇಡುವಂಥದು. ಹಾನಗಲ್ಲದ ಪಶ್ಚಿಮಕ್ಕೆ ಹೋದಂತೆ ಅಕ್ಕಿಯದು, ಆಗಲೇ ಒತ್ತಿ ಆಗಲೇ ಉಣ್ಣುವಂಥದು. ಅಕ್ಕಿ ದೊಡ್ಡದೋ ರಾಗಿ ದೊಡ್ಡದೋ ಎಂಬ ವಾದವನ್ನು ಕಾವ್ಯಕ್ಕೆ ತಂದು 'ರಾಮಧಾನ್ಯ ಚರಿತೆ' ಬರೆದ ಕನಕದಾಸರು ಶಿಗ್ಗಾವಿ ತಾಲ್ಲೂಕಿನ ಬಾಡದವರು. ಧಾನ್ಯಗಳು ಒಂದನ್ನೊಂದು ಎದುರಿಸಿ ನಿಲ್ಲುವ ಈ ಗಡಿನೆಲದಲ್ಲಿ ಆ ವಸ್ತು ಕವಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ ಎಂದು ಈ ಲೇಖಕನಿಗೆ ಅನ್ನಿಸುತ್ತದೆ.

ಹಿನ್ನೆಲೆ

ಕನ್ನಡದಲ್ಲಿ ಶಾವಿಗೆಯ ದಾಖಲೆ ಬಹಳ ಹಳೆಯದು. ಇಮ್ಮಡಿ ಚಾವುಂಡರಾಯ 1025ರಲ್ಲಿ ರಚಿಸಿದ 'ಲೋಕೋಪಕಾರ'ದ ಸೂಪಶಾಸ್ತ್ರದ ಭಾಗದಲ್ಲಿ ಶಾವಿಗೆ ಮಾಡುವ ಕ್ರಮವೂ ಅದನ್ನು ಒತ್ತುವ ಅಚ್ಚೂ ಬರುತ್ತವೆ. ಆ ಕಾಲದಲ್ಲಿ ಹಾನಗಲ್ಲ 'ಪಾನುಂಗಲ್ ಐನೂರು' ಎಂಬ ನಾಡಿನ ಕೇಂದ್ರ; ಮುಂದೆ ಅದನ್ನು ಆಳಿದ ಹಾನಗಲ್ಲ ಕದಂಬರು ಕಲ್ಯಾಣ ಚಾಲುಕ್ಯರ ಸಾಮಂತರು. ಚಾವುಂಡರಾಯ ಬರೆದದ್ದು ಅದೇ ಚಾಲುಕ್ಯ ಅರಸರ ಆಶ್ರಯದಲ್ಲಿ. ಅದೇ ಮನೆತನದ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲೂ 'ಸೇವಿಕಾ' ಎಂಬ ಹೆಸರಿನಲ್ಲಿ ಶಾವಿಗೆಯ ಮಾತುಂಟು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ' ಹಿಟ್ಟಿನ ಪಾಕಗಳನ್ನು ಒಂದೆಡೆಯೂ ಬದನೆ, ಹಲಸು, ಬಾಳೆಗಳ ಪಾಕಗಳನ್ನು ಬೇರೆಡೆಯೂ ವಿಸ್ತಾರವಾಗಿ ಹೇಳುತ್ತದೆ.

ಯುರೋಪಿನ ಒಣಪಾಸ್ತಾದ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಅರಬ್ ಭೂಗೋಳಜ್ಞ ಅಲ್ ಇದ್ರಿಸಿಯ 1154ರ ಗ್ರಂಥದಿಂದ ತೊಡಗುತ್ತಾರೆ. ಸಿಸಿಲಿಯ ಟ್ರಾಬಿಯಾ ಎಂಬ ಊರಲ್ಲಿ 'ಇತ್ರಿಯಾ' ಎಂಬ ಹಿಟ್ಟಿನ ಎಳೆಗಳನ್ನು ತಯಾರಿಸಿ ಹಡಗು ತುಂಬಿ ಕಳಿಸುತ್ತಿದ್ದರೆಂದು ಅವನು ಬರೆದಿದ್ದಾನೆ. 'ಲೋಕೋಪಕಾರ' ಅದಕ್ಕಿಂತ ಸುಮಾರು 130 ವರ್ಷ ಹಿಂದಿನದು. ಯಾರು ಯಾರಿಂದ ಕಲಿತರೆಂಬ ಪ್ರಶ್ನೆಯನ್ನು ಇದರ ಮೇಲೆ ಕಟ್ಟಲಾಗದು. ಗೋದಿ, ಬಿಸಿಲು, ಕೈ ಮೂರೂ ಇದ್ದ ಕಡೆಗಳಲ್ಲಿ ಜನ ಒಂದೇ ಬಗೆಯ ಉಪಾಯ ಕಂಡುಕೊಂಡರೆಂದು ಹೇಳಿದರೆ ಸಾಕು.

ಸ್ಥಳೀಯರ ನಂಬಿಕೆಯಲ್ಲಿ ಹಾನಗಲ್ಲವೇ ಮಹಾಭಾರತದ ವಿರಾಟನಗರ. ಊರಿನ ಬಳಿಯ ದಿಬ್ಬವೊಂದಕ್ಕೆ ಕುಂತಿಯ ದಿಬ್ಬ ಎಂಬ ಹೆಸರಿದೆ. ಭೀಮ ವಲಲನೆಂಬ ಹೆಸರಿನಲ್ಲಿ ಒಂದು ವರ್ಷ ಸೌಟು ಹಿಡಿದದ್ದು ವಿರಾಟನ ಅಡುಗೆಮನೆಯಲ್ಲೇ ತಾನೆ. ಅಡುಗೆಯ ಲೇಖನದಲ್ಲಿ ಆ ಐತಿಹ್ಯವನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಹಿಟ್ಟು

ಶಾವಿಗೆಯ ಗುಣ ಮುಕ್ಕಾಲು ಪಾಲು ಗೋದಿಯಲ್ಲೇ ನಿರ್ಧಾರವಾಗಿರುತ್ತದೆ. ಉತ್ತರ ಕರ್ನಾಟಕದ ಕರಿಮಣ್ಣಿನಲ್ಲಿ ಹಿಂಗಾರಿಗೆ ಬೆಳೆದುಬಂದವು ಎರಡು ಬಗೆ. ಒಂದು ಗಟ್ಟಿಗೋದಿ, ಸಸ್ಯಶಾಸ್ತ್ರಜ್ಞರು ಡ್ಯೂರಮ್ ಎನ್ನುವುದು. ಕಾಳು ಗಡುಸು, ಒಡೆದರೆ ಹಿಟ್ಟಾಗುವ ಬದಲು ಹಳದಿ ಛಾಯೆಯ ರವೆಯಾಗುತ್ತದೆ. ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೊಡುವುದು ಈ ಜಾತಿಯದೇ. ಇಟಲಿಯಲ್ಲಿ ಒಣಪಾಸ್ತಾವನ್ನು ಡ್ಯೂರಮ್ ರವೆಯಿಂದಲೇ ಮಾಡಬೇಕೆಂದು 1967ರಲ್ಲಿ ಕಾನೂನನ್ನೇ ಮಾಡಿದ್ದಾರೆ. ಅಂದರೆ ಅಲ್ಲಿನ ಕಾನೂನು ಕೇಳುವ ಕಾಳು ನಮ್ಮ ಉಪ್ಪಿಟ್ಟಿನ ಡಬ್ಬಿಯಲ್ಲೇ ಇದೆ.

ಇನ್ನೊಂದು ಜವೆಗೋದಿ. ಸದಕ, ಖಪಲಿ ಎಂಬ ಹೆಸರುಗಳೂ ಇದಕ್ಕಿವೆ, ಶಾಸ್ತ್ರೀಯವಾಗಿ ಡೈಕೊಕಮ್. ಮನುಷ್ಯ ಪಳಗಿಸಿದ ಅತಿ ಹಳೆಯ ಗೋದಿಗಳಲ್ಲಿ ಇದೊಂದು. ಒಕ್ಕಿದರೂ ಹೊಟ್ಟು ಬಿಡುವುದಿಲ್ಲ, ಮತ್ತೆ ಕುಟ್ಟಿ ಬಿಡಿಸಬೇಕು. ಆ ಶ್ರಮದಿಂದಲೇ ಬೆಳೆ ಹಿಂದೆ ಬಿತ್ತು. ಶಾವಿಗೆ ಮಾತ್ರ ಕೆಂಪುಕಂದು ಬಣ್ಣದ್ದಾಗಿ, ಕುದಿಸಿದರೆ ಮುದ್ದೆಗಟ್ಟದೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ನಾರಿನಂಶ ಹೆಚ್ಚು. ಮಾಮೂಲಿ ಗೋದಿಗಿಂತ ನಿಧಾನವಾಗಿ ಜೀರ್ಣವಾಗುತ್ತದೆಂದು ಸಕ್ಕರೆ ಕಾಯಿಲೆಯವರು ಈಗ ಹುಡುಕಿ ಕೊಳ್ಳುತ್ತಾರೆ. 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1009, ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡತಳಿಗಳನ್ನು ಕೊಟ್ಟಿದ್ದರಿಂದ ಈ ಗೋದಿ ಉಳಿದುಕೊಂಡಿತು.

ಈ ನಾಲ್ಕು ತಾಲ್ಲೂಕುಗಳಲ್ಲಿ ಗೋದಿಯ ಹೊಲ ಈಗ ಅಪರೂಪ. ಹತ್ತಿ, ಗೋವಿನಜೋಳಗಳು ಆ ಜಾಗ ಹಿಡಿದಿವೆ. ಹೀಗಾಗಿ ಶಾವಿಗೆ ಮಾಡುವ ಮನೆಯವರೂ ಗೋದಿಯನ್ನು ಪೇಟೆಯಿಂದಲೇ ತರಬೇಕು, ಮತ್ತು ಗಟ್ಟಿಗೋದಿಯನ್ನು ಕೇಳಿ ತರಬೇಕು. ಚಪಾತಿಯ ಗೋದಿಯಿಂದ ಮಾಡಿದ ಎಳೆ ಬೇಗ ತುಂಡಾಗುತ್ತದೆ.

ಶಾವಿಗೆ ಮಾಡುವ ಕ್ರಮ

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಯುಗಾದಿ, ಬಸವ ಜಯಂತಿಗಳ ಆಸುಪಾಸಿನ ವಾರಗಳು ಇದರ ಕಾಲ. ಗೋದಿಗೆ ನೀರು ಚಿಮುಕಿಸಿ ಒದ್ದೆ ಅರಿವೆಯಲ್ಲಿ ಕೆಲಹೊತ್ತು ಕಟ್ಟಿಟ್ಟು, ನೆರಳಲ್ಲಿ ಆರಿಸಿ ಬೀಸುತ್ತಾರೆ. ತೇವ ಹಿಡಿದ ಹೊಟ್ಟು ಪುಡಿಯಾಗದೆ ಚೂರುಚೂರಾಗಿ ಬೇರೆಯಾಗುತ್ತದೆ, ಒಳಗಿನ ಬಿಳಿಯ ಭಾಗ ಸ್ವಚ್ಛವಾಗಿ ಸಿಗುತ್ತದೆ. ದೊಡ್ಡ ಹಿಟ್ಟಿನ ಕಾರ್ಖಾನೆಗಳು ಇಂದಿಗೂ ಮಾಡುವುದು ಇದನ್ನೇ. ಬೀಸಿದ್ದನ್ನು ಜರಡಿಯಲ್ಲಿ ಆಡಿಸಿ, ತೆಳು ಅರಿವೆಯಲ್ಲಿ ಸಾಣಿಸಿ, ಸಣ್ಣ ರವೆ ಮತ್ತು ಹಿಟ್ಟನ್ನು ತೆಗೆದು ಉಪ್ಪುನೀರಿನಲ್ಲಿ ಕಲಸುತ್ತಾರೆ. ಕಲಸಿದ ಮೇಲೆ ನಾದುವುದು, ಕುಟ್ಟುವುದು, ಒದ್ದೆ ಅರಿವೆ ಹೊದಿಸಿ ಬಿಡುವುದು, ಮತ್ತೆ ನಾದುವುದು. ಗೋದಿಯ ಅಂಟು ಎಚ್ಚರಗೊಂಡು ಬಲೆಯಂತೆ ಹೆಣೆದುಕೊಳ್ಳುವುದು ಈ ಹೊತ್ತಿನಲ್ಲೇ. ಅವಸರ ಮಾಡಿದ ಕಣಕ ಎಳೆಯುವಾಗ ಹರಿಯುತ್ತದೆ.

ಹಳೆಯ ಸಾಧನ ಶಾವಿಗೆ ಮಣೆ, ಆಡುಮಾತಿನ 'ಶಾವಿಗಿ ಮಣಿ'. ಉದ್ದನೆಯ ಹಲಗೆಯ ಒಂದು ತುದಿಗೆ ಕಾಲುಕೊಟ್ಟು ಓರೆಯಾಗಿ ನಿಲ್ಲಿಸಿರುತ್ತಾರೆ, ಮೇಲ್ಮೈಯಲ್ಲಿ ಸಣ್ಣ ಗೆರೆಗಳಿರುತ್ತವೆ. ಅದರ ಮೇಲೆ ಕುಳಿತ ಹೆಂಗಸು ಎಣ್ಣೆ ಸವರಿದ ಕಣಕವನ್ನು ಅಂಗೈಯಿಂದ ಕೆಳಗೆ ತಿಕ್ಕುತ್ತ ಹೋದಂತೆ ಎಳೆ ಜಾರಿಬರುತ್ತದೆ. ಇನ್ನೊಬ್ಬಳು ಅದನ್ನು ಹರಿಯದಂತೆ ಹಿಡಿದು ಕೋಲಿಗೆ ಸುತ್ತಿ ಜೋಲಿಬಿಡುತ್ತಾಳೆ. ಒಬ್ಬಳೇ ಮಾಡಲಾಗದ ಕೆಲಸವಾದ್ದರಿಂದ ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ಮುಯ್ಯಿಯ ಮೇಲೆ ನಡೆಯುತ್ತಿತ್ತು. ಮದುವೆ ಇರುವ ಮನೆಯಲ್ಲಿ ಹಪ್ಪಳ, ಸಂಡಿಗೆಗಳ ಜೊತೆ ಶಾವಿಗೆಯ ಕೆಲಸವೂ ಓಣಿಯ ಕೆಲಸವಾಗುತ್ತಿತ್ತು.

ಮಣೆಯ ನಂತರ ಬಂದದ್ದು ಕೈಯಿಂದ ತಿರುಗಿಸುವ ಕಬ್ಬಿಣದ ಯಂತ್ರ. ಹೊರಸಿಗೋ ಬೆಂಚಿಗೋ ಬಿಗಿದು, ಒಬ್ಬರು ಕಣಕ ತುಂಬಿ ಇನ್ನೊಬ್ಬರು ಹಿಡಿಕೆ ತಿರುಗಿಸಿದರೆ ಒಳಗಿನ ತಿರುಪು ಹಿಟ್ಟನ್ನು ದೂಡಿ, ತೂತುಬಿಲ್ಲೆಯಿಂದ ಹತ್ತಾರು ಎಳೆ ಒಮ್ಮೆಲೇ ಇಳಿಯುತ್ತವೆ. ಹಿಡಿಕೆ ತಿರುಗಿಸುವುದು ಸಾಮಾನ್ಯವಾಗಿ ಶಾಲೆಗೆ ರಜೆ ಬಿದ್ದ ಮಕ್ಕಳ ಪಾಲು. ಈಗ ಹಿಟ್ಟಿನ ಗಿರಣಿಗಳಲ್ಲೇ ವಿದ್ಯುತ್ ಯಂತ್ರಗಳಿವೆ. ಮನೆಯವರು ರವೆ ಒಯ್ದರೆ ಎಳೆ ತೆಗೆದುಕೊಡುತ್ತಾರೆ, ಒಣಗಿಸುವುದು ಮಾತ್ರ ಮನೆಯ ಮಾಳಿಗೆಯ ಮೇಲೆ. ಯಂತ್ರದ ಎಳೆ ದಪ್ಪ ಒಂದೇ ಸಮ, ಕೆಲಸ ಬೇಗ. ಆದರೂ ಮಣೆಯ ಮೇಲೆ ಎಳೆದ ಶಾವಿಗೆಯ ಹುರಿ ಅದಕ್ಕೆ ಬಾರದು. ಎಳೆಯುವಾಗ ಹಿಟ್ಟಿನ ಅಂಟು ಒಂದೇ ದಿಕ್ಕಿಗೆ ಸಾಲುಗಟ್ಟುತ್ತದೆ, ಬಾಯಲ್ಲಿ ಆ ಬಿಗಿ ಗೊತ್ತಾಗುತ್ತದೆ.

ಒಣಗಿಸುವುದರಲ್ಲೂ ಹದವಿದೆ. ಗಾಳಿ ಬಿರುಸಾಗಿದ್ದರೆ ಹೊರಮೈ ಬೇಗ ಒಣಗಿ ಒಳಗೆ ಹಸಿ ಉಳಿದು ಎಳೆ ಸೀಳುತ್ತದೆ. ಮೊದಲು ನೆರಳು, ಆಮೇಲೆ ಬಿಸಿಲು. ಮುರಿದರೆ ಟಕ್ಕೆಂದು ಸದ್ದು ಬರುವ ತನಕ ಒಣಗಿಸಿ ಡಬ್ಬಿಗೆ ತುಂಬಿದರೆ ಮುಂದಿನ ಬೇಸಿಗೆಯವರೆಗೆ ಕೆಡುವುದಿಲ್ಲ.

ಅಕ್ಕಿಯ ಒತ್ತುಶಾವಿಗೆಯ ಲೆಕ್ಕವೇ ಬೇರೆ. ಅಕ್ಕಿಯಲ್ಲಿ ಗೋದಿಯ ಅಂಟಿಲ್ಲ. ಆದ್ದರಿಂದ ನೆನೆಸಿ ರುಬ್ಬಿದ ಹಿಟ್ಟನ್ನು ಮೊದಲು ಒಲೆಯ ಮೇಲೆ ಕಾಯಿಸಿ ಮುದ್ದೆ ಮಾಡಿ, ಉಂಡೆ ಕಟ್ಟಿ ಮತ್ತೆ ಬೇಯಿಸಿ, ಬಿಸಿ ಇರುವಾಗಲೇ ಶಾವಿಗೆ ಒರಳಿಗೆ ಹಾಕಿ ಒತ್ತಬೇಕು. ಬೆಂದ ಗಂಜಿಯೇ ಇಲ್ಲಿ ಅಂಟಿನ ಕೆಲಸ ಮಾಡುತ್ತದೆ. ಆರಿದರೆ ಉಂಡೆ ಕಲ್ಲಾಗಿ ಒರಳು ತಿರುಗುವುದಿಲ್ಲ. ಕಾಯಿಹಾಲು, ಬೆಲ್ಲದ ಜೊತೆ ಉಂಡದ್ದು ಸಾಕಾಗಿ ಉಳಿದ ಶಾವಿಗೆಗೆ ಮರುದಿನ ಬೆಳಿಗ್ಗೆ ಒಗ್ಗರಣೆ ಬೀಳುತ್ತದೆ.

ಬೆರಳಿನ ತುದಿಯ ಆಕಾರಗಳು

ಮಣೆ, ಯಂತ್ರ ಯಾವುದೂ ಬೇಡದ ಬಗೆಗಳೂ ಇವೆ. ಮೆತ್ತನೆಯ ಗೋದಿ ಕಣಕದಿಂದ ಚಿಟಿಕೆ ಹಿಟ್ಟು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದು ಕಾಳಿನಷ್ಟು ಸಣ್ಣದಾಗಿ ಉದುರಿಸುವುದು ಗೌಲಿ. ಎರಡು ತುದಿ ಚೂಪಾಗಿ ನಡು ಉಬ್ಬಿದ್ದು ಸೌತೆಬೀಜ. ಪರಡಿ, ಬಟವಿ ಎಂದು ಇನ್ನೂ ಕೆಲವು ಹೆಸರು ಉತ್ತರ ಕರ್ನಾಟಕದಲ್ಲಿ ಕೇಳಿಬರುತ್ತವೆ. ದಖ್ಖನಿನ ಕೆಲವು ಮನೆಗಳಲ್ಲಿ ಹೊಸ ಹಣಿಗೆಯ ಹಲ್ಲಿನ ಮೇಲೆ ಹಿಟ್ಟಿನ ತುಣುಕು ಹೊರಳಿಸಿ ಗೆರೆ ಮೂಡಿಸುತ್ತಾರೆ. ಇಟಲಿಯ ರೊಮಾನ್ಯಾ ಪ್ರಾಂತ್ಯದಲ್ಲೂ ಗಾರ್ಗನೆಲ್ಲಿ ಎಂಬ ಪಾಸ್ತಾಕ್ಕೆ ಹಣಿಗೆಯಂಥ ಹಲಗೆಯ ಮೇಲೆಯೇ ಗೆರೆ ಹೊಡೆಯುತ್ತಾರೆ. ಆ ಗೆರೆಗಳಲ್ಲಿ ಅಲ್ಲಿ ಸಾರು ನಿಲ್ಲುತ್ತದೆ, ಇಲ್ಲಿ ಹಾಲು. ಇಲ್ಲಿನ ಈ ಬಗೆಗಳು ಬಹುತೇಕ ಮದುವೆಯ ಪಾಯಸಕ್ಕೆ ಮೀಸಲು. ಮುದುಕಿಯರು ಮಾತಾಡುತ್ತ ಕೂತು ಮಧ್ಯಾಹ್ನ ಕಳೆಯುವಷ್ಟರಲ್ಲಿ ಮೊರ ತುಂಬಿಸುತ್ತಿದ್ದ ಈ ಕಲೆ ಎಲ್ಲಕ್ಕಿಂತ ಬೇಗ ಮರೆಯಾಗುತ್ತಿದೆ. ನೋಡಿ ಕಲಿಯುವ ಕೈಗಳು ಪಕ್ಕದಲ್ಲಿ ಕೂತಿಲ್ಲ.

ಮೆಂತ್ಯದ ಕಡಬು

ಹಿಟ್ಟೂ ಹಸಿ ತಪ್ಪಲೂ ಒಂದಕ್ಕಾಗಿ ಒಂದು ಹುಟ್ಟಿದಂತೆ ಕೂಡುವ ಅಡುಗೆ ಇದು. ಕಡಬು ಎಂದರೆ ಹೂರಣ ತುಂಬಿದ್ದು ಎಂದುಕೊಂಡವರಿಗೆ ಹೆಸರು ದಾರಿ ತಪ್ಪಿಸಬಹುದು. ಇದರಲ್ಲಿ ಹೂರಣವಿಲ್ಲ, ಸಿಹಿಯಿಲ್ಲ.

ನಾಲ್ಕು ಜನಕ್ಕೆ ಎರಡು ಬಟ್ಟಲು ಗೋದಿ ಹಿಟ್ಟು, ಅಥವಾ ಅರ್ಧ ಗೋದಿ ಅರ್ಧ ಜೋಳ. ಉಪ್ಪು, ಚಿಟಿಕೆ ಅರಿಷಿಣ, ಅಜವಾನ, ಒಂದು ಚಮಚ ಎಣ್ಣೆ ಹಾಕಿ ಪೂರಿಯ ಹದಕ್ಕೆ ಗಟ್ಟಿಯಾಗಿ ನಾದಬೇಕು. ಜೋಳ ಸೇರಿಸುವುದಾದರೆ ಬಿಸಿನೀರು ಬೇಕು. ಅಡಿಕೆಯಷ್ಟು ಹಿಟ್ಟು ತೆಗೆದು ಉಂಡೆ ಮಾಡಿ, ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ನಡುವೆ ತಗ್ಗಾದ ಸಣ್ಣ ಬಿಲ್ಲೆಯಾಗುತ್ತದೆ. ಕುದಿಯುವ ನೀರಿಗೆ ಒಂದು ಚಮಚ ಎಣ್ಣೆ ಬಿಟ್ಟು ಬಿಲ್ಲೆಗಳನ್ನು ಹಾಕಬೇಕು. ಮೇಲಕ್ಕೆ ತೇಲಿ ಬಂದ ಮೇಲೂ ನಾಲ್ಕೈದು ನಿಮಿಷ ಕುದಿಸಿ ಬಸಿಯಬೇಕು. ಉಗಿಯಲ್ಲಿ ಬೇಯಿಸುವವರೂ ಇದ್ದಾರೆ. ಕುದಿಸಿದ್ದು ಮೆತ್ತಗೆ, ಉಗಿಯದು ತುಸು ಬಿಗಿ.

ಬಾಣಲೆಯಲ್ಲಿ ಶೇಂಗಾ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ ಏಳೆಂಟು ಎಸಳು, ಹಸಿಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಬಾಡಿದ ಮೇಲೆ ಎರಡು ಸೂಡು ಮೆಂತ್ಯದ ಸೊಪ್ಪು. ಸೊಪ್ಪು ಇಳಿದು ಪರಿಮಳ ಎದ್ದಾಗ ಕಡಬು ಹಾಕಿ, ಬಸಿದ ನೀರಿನಲ್ಲಿ ಅರ್ಧ ಸೌಟು ಬಿಟ್ಟು ಹೊರಳಾಡಿಸಬೇಕು. ಆ ಗಂಜಿನೀರು ಎಣ್ಣೆಯನ್ನೂ ಸೊಪ್ಪಿನ ರಸವನ್ನೂ ಬಿಲ್ಲೆಗೆ ಅಂಟಿಸುತ್ತದೆ. ಕೊನೆಗೆ ಶೇಂಗಾ ಪುಡಿ, ಲಿಂಬೆರಸ. ಹೆಬ್ಬೆರಳಿನ ತಗ್ಗಿನಲ್ಲಿ ಬಳ್ಳೊಳ್ಳಿಯ ಚೂರು, ಸೊಪ್ಪಿನ ಎಲೆ ನಿಲ್ಲುತ್ತವೆ. ಆಕಾರ ಇರುವುದೇ ಅದಕ್ಕೆ.

ಇಟಲಿಯ ದಕ್ಷಿಣದ ಪುಲಿಯಾ ಪ್ರಾಂತ್ಯದಲ್ಲಿ ಓರೆಕ್ಯೆತ್ತೆ ಎಂಬ ಪಾಸ್ತಾ ಇದೆ. ಹೆಸರಿನ ಅರ್ಥ ಪುಟ್ಟ ಕಿವಿ. ಅದೂ ಮೊಟ್ಟೆಯಿಲ್ಲದ ಗಟ್ಟಿಗೋದಿಯ ಕಣಕ, ಅದನ್ನೂ ಹೆಬ್ಬೆರಳಿನಿಂದಲೇ ಒತ್ತುತ್ತಾರೆ, ಅದನ್ನೂ ಚಳಿಗಾಲದಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ ಮತ್ತು ಕಹಿ ಛಾಯೆಯ ಸೊಪ್ಪಿನೊಡನೆ ಹೊರಳಿಸುತ್ತಾರೆ. ಮೆಂತ್ಯದ ಕಡಬನ್ನು ಅದರ ಪಕ್ಕದಲ್ಲಿಟ್ಟು ನೋಡಿದವರಿಗೆ ಬಳಗ ಬೇರೆ ಎನ್ನಿಸುವುದಿಲ್ಲ. ಬೀದರ, ಕಲಬುರಗಿ ಕಡೆಯ ಚಕೋಲಿ, ಮಹಾರಾಷ್ಟ್ರದ ವರಣಫಳ, ಗುಜರಾತಿನ ದಾಲ್ ಢೋಕ್ಳಿ ಇವು ಹಿಟ್ಟಿನ ತುಂಡನ್ನು ಬೇಳೆಯಲ್ಲೇ ಕುದಿಸುವ ಇನ್ನೊಂದು ಕವಲು.

ಹಂಗಾಮಿನ ಕಾಯಿಪಲ್ಲೆ

ಮುಂಗಾರಿನ ಮೊದಲ ಹದಮಳೆಗೆ ಯಾರೂ ಬಿತ್ತದ ಪಲ್ಲೆಗಳು ಏಳುತ್ತವೆ: ಗೋಳಿ, ಹಕ್ಕರಿಕೆ, ರಾಜಗಿರಿ. ಹಾನಗಲ್ಲದ ಕಾಡಂಚಿನಲ್ಲಿ ಅಣಬೆ, ಕಳಲೆ. ಕಳಲೆಯನ್ನು ತಂದ ದಿನವೇ ಬೇಯಿಸುವಂತಿಲ್ಲ. ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿ, ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಹಸಿಯಲ್ಲಿ ಸಯನೈಡ್ ಹುಟ್ಟಿಸುವ ವಿಷಾಂಶವಿದೆ. ಹೀಗೆ ಹದಗೊಳಿಸಿದ ಕಳಲೆಯ ಹುಳಿಗೆ ಅಕ್ಕಿ ಶಾವಿಗೆ ಚೆನ್ನಾಗಿ ಹೊಂದುತ್ತದೆ. ಶ್ರಾವಣ, ಭಾದ್ರಪದಗಳಿಗೆ ಹೀರೆ, ಬೆಂಡೆ, ಚವಳಿ, ಸೌತೆ, ಪಡವಲ, ಜೊತೆಗೆ ಗೋವಿನಜೋಳದ ಹಾ‌ಲುಗಾಳು. ಮಲೆನಾಡಿಗೆ ತಾಗಿದ ಊರುಗಳಲ್ಲಿ ಭೂಮಿ ಹುಣ್ಣಿಮೆಗೆ ಹತ್ತಾರು ಬಗೆಯ ಸೊಪ್ಪು ಕೂಡಿಸಿ ಬೆರಕೆ ಪಲ್ಯ ಮಾಡಿ ಹೊಲಕ್ಕೆ ಚರಗ ಚೆಲ್ಲುತ್ತಾರೆ.

ಚಳಿಗಾಲ ಈ ಅಡುಗೆಗಳಿಗೆ ನಿಜವಾದ ಹಬ್ಬ. ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ, ಗಜ್ಜರಿ, ಬದನೆ, ಅವರೆ, ಹಸಿ ಬಟಾಣಿ, ಸುಲಗಾಯಿ ಎನ್ನುವ ಹಸಿ ಕಡಲೆ, ಕಡಲೆಯ ಕುಡಿ ಚಿವುಟಿದ ಹುಳಿ ಪಲ್ಲೆ. ಬೇಸಿಗೆಯಲ್ಲಿ ನುಗ್ಗೆ, ಎಳೆ ಹಲಸು, ಮಾವಿನಕಾಯಿ. ಹಾನಗಲ್ಲ ಆಪೂಸಿನ ನಾಡು. ಗಾಳಿಗೆ ಉದುರಿದ ಕಾಯಿಯನ್ನು ಹೆರೆದು ಕಾಯಿತುರಿ, ಸಾಸಿವೆ, ಒಣಮೆಣಸಿನ ಜೊತೆ ಬಸಿದ ಶಾವಿಗೆಗೆ ಕಲಸಿದರೆ ಅಂದಿನ ತಿಂಡಿ ಮುಗಿಯಿತು.

ಹಿರೇಕೆರೂರಿನ ಕಡೆಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ರಾಣೆಬೆನ್ನೂರು ಮತ್ತು ಹಿರೇಕೆರೂರು ಸುತ್ತಿನ ರೈತರು ಟೊಮೆಟೊ, ಬೆಂಡೆ, ಮೆಣಸಿನಕಾಯಿ, ಹೀರೆ, ಹಾಗಲ ಮುಂತಾದವುಗಳ ಸಂಕರಬೀಜ ಬೆಳೆಯುತ್ತಾರೆ. ಟೊಮೆಟೊ, ಬೆಂಡೆ, ಮೆಣಸಿನಕಾಯಿಗಳಲ್ಲಿ ಹೂ ಅರಳುವ ಮುನ್ನ ಮೊಗ್ಗು ಬಿಡಿಸಿ ಕೇಸರ ಕಿತ್ತು, ಮರುದಿನ ಬೇರೆ ಗಿಡದ ಪರಾಗ ಮುಟ್ಟಿಸುವ ಸೂಕ್ಷ್ಮ ಕೆಲಸ ಬಹುತೇಕ ಹೆಂಗಸರ ಕೈಯದು. ಗೌಲಿ ಹೊಸೆಯಲು ಬೇಕಾದದ್ದೂ ಇದೇ ಬೆರಳಿನ ಹದ. ಬೀಜಕ್ಕೆ ಬಿಟ್ಟ ಟೊಮೆಟೊ ಹಣ್ಣನ್ನು ಹಿಚುಕಿ ಬೀಜ ತೆಗೆದ ಮೇಲೆ ತಿರುಳಿಗೆ ಬೆಲೆಯಿಲ್ಲ. ದೇಶದ ಹಿತ್ತಲುಗಳಿಗೆ ಬೀಜ ಕಳಿಸುವ ಊರಿನವರೂ ತಮ್ಮ ಪಲ್ಲೆಯನ್ನು ಸಂತೆಯಲ್ಲಿ ಕೊಳ್ಳುವ ದಿನಗಳಿವೆ ಎಂಬುದು ನೋಯಿಸುವ ಮಾತು.

ಕಾಯಿಪಲ್ಲೆಯ ಶಾವಿಗೆ

ಗೋದಿ ಶಾವಿಗೆಗೆ ಎರಡು ದಾರಿಗಳಿವೆ. ಬಸಿಯುವುದಾದರೆ ಧಾರಾಳ ನೀರು, ಉಪ್ಪು. ಎಳೆಯ ನಡುವಿನ ಬಿಳಿ ಚುಕ್ಕೆ ಮಾಯವಾದ ಕೂಡಲೇ ಬುಟ್ಟಿಗೆ ಸುರಿಯಬೇಕು. ಯುಗಾದಿಯ ಹಾಲು ಬೆಲ್ಲದ ಶಾವಿಗೆಗೆ ಇದೇ ದಾರಿ. ಉಪ್ಪಿಟ್ಟಿಗೆ ಶಾವಿಗೆಯನ್ನು ಒಂದು ಚಮಚ ಎಣ್ಣೆಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಒಂದು ಬಟ್ಟಲಿಗೆ ಒಂದೂವರೆಯಿಂದ ಎರಡು ಬಟ್ಟಲು ನೀರು ಲೆಕ್ಕದಲ್ಲಿ ಬೇಯಿಸುತ್ತಾರೆ. ಹುರಿದರೆ ಮೇಲಿನ ಪಿಷ್ಟ ಬೇಗ ಕರಗದು, ಎಳೆಗಳು ಒಂದಕ್ಕೊಂದು ಅಂಟವು.

ಕಾಯಿಪಲ್ಲೆ ಹಾಕುವ ಸರದಿ ತಿಳಿದಿರಬೇಕು. ಬಟಾಣಿ, ಅವರೆ, ಗಜ್ಜರಿ ನೀರಿಗಿಂತ ಮೊದಲು. ಡೊಣ್ಣಮೆಣಸಿನಕಾಯಿ, ಹೀರೆ ನೀರಿನ ಜೊತೆ. ಉಳ್ಳಾಗಡ್ಡಿ ತಪ್ಪಲು, ಕೊತ್ತಂಬರಿ ಇಳಿಸುವಾಗ. ಎಲ್ಲ ತರಕಾರಿಯನ್ನೂ ಒಂದೇ ದಿನ ತುಂಬುವ ಹೋಟೆಲಿನ ರೂಢಿ ಮನೆಗೆ ಬೇಡ. ಆ ವಾರದ ಒಂದೋ ಎರಡೋ ಪಲ್ಲೆ ಸಾಕು, ರುಚಿ ಸ್ಪಷ್ಟವಾಗಿರುತ್ತದೆ. ಸುಲಗಾಯಿ ಮತ್ತು ಉಳ್ಳಾಗಡ್ಡಿ ತಪ್ಪಲಿನ ಜೋಡಿ ಎಲ್ಲಕ್ಕಿಂತ ಮೇಲು ಎಂಬುದು ಈ ಲೇಖಕನ ಮತ. ಮೇಲೆ ಗುರೆಳ್ಳು ಪುಡಿ ಉದುರಿಸಿದರೆ ಬೇರೇನೂ ಬೇಡ.

ಸವಣೂರಿನಲ್ಲಿ ಶಾವಿಗೆಗೆ ಮತ್ತೊಂದು ಬದುಕಿದೆ. ನವಾಬರ ಊರು ಅದು. ರಂಜಾನ್ ಹಬ್ಬದ ಬೆಳಿಗ್ಗೆ ಮುಸ್ಲಿಂ ಮನೆಗಳಲ್ಲಿ ಕೂದಲೆಳೆಯ ಶಾವಿಗೆ, ಹಾಲು, ಖರ್ಜೂರ, ಗೋಡಂಬಿ ಕೂಡಿ ಶೀರ್ ಖುರ್ಮಾ ಆಗುತ್ತದೆ, ನೆರೆಮನೆಗಳಿಗೂ ಬಟ್ಟಲು ಹೋಗುತ್ತದೆ. ಊರಿಗೆ ಹೆಸರು ತಂದ ಸವಣೂರು ಖಾರಾದ ಸೇವು ಕೂಡ ಶಾವಿಗೆಯ ದಾಯಾದಿಯೇ: ಕಡಲೆ ಹಿಟ್ಟನ್ನು ಅಚ್ಚಿನಲ್ಲಿ ಒತ್ತಿ ನೀರಿನ ಬದಲು ಕಾದ ಎಣ್ಣೆಗೆ ಬಿಡುತ್ತಾರೆ.

ಮನೆಯಲ್ಲಿ ಪಾಸ್ತಾ

1983ರಲ್ಲಿ ಮ್ಯಾಗಿ ಭಾರತಕ್ಕೆ ಬಂದ ಮೇಲೆ ಎರಡು ನಿಮಿಷದ ನೂಡಲ್ಸ್ ಹಳ್ಳಿಯ ಕಿರಾಣಿ ಅಂಗಡಿಯನ್ನೂ ತಲುಪಿತು, ಹಿಂದೆಯೇ ಪಾಸ್ತಾದ ಪೊಟ್ಟಣಗಳೂ ಬಂದವು. ಮಕ್ಕಳು ಕೇಳುತ್ತಾರೆ, ತಾಯಂದಿರು ಮಾಡಿಕೊಡುತ್ತಾರೆ. ಪೊಟ್ಟಣವೇ ಬೇಕೆಂದಿಲ್ಲ. 150 ಗ್ರಾಂ ಸಣ್ಣ ಬನ್ಸಿ ರವೆ, 150 ಗ್ರಾಂ ಗೋದಿ ಹಿಟ್ಟು, ಸುಮಾರು 140 ಮಿಲಿಲೀಟರ್ ಬೆಚ್ಚನೆಯ ನೀರು. ಹತ್ತು ನಿಮಿಷ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ಚಪಾತಿಗಿಂತ ತೆಳ್ಳಗೆ ಲಟ್ಟಿಸಿ, ರವೆ ಉದುರಿಸಿ ಸಡಿಲಾಗಿ ಸುರುಳಿ ಸುತ್ತಿ ಚಾಕುವಿನಿಂದ ಅರ್ಧ ಬೆರಳಗಲ ಕತ್ತರಿಸಿ ಬಿಡಿಸಿದರೆ ಪಟ್ಟಿಗಳಾಗುತ್ತವೆ. ಮೂರು ಲೀಟರ್ ಉಪ್ಪುನೀರಿನಲ್ಲಿ ಮೂರು ನಾಲ್ಕು ನಿಮಿಷಕ್ಕೆ ಬೇಯುತ್ತವೆ.

ಇದಕ್ಕೆ ಬದನೆ ಮತ್ತು ಟೊಮೆಟೊ ಗೊಜ್ಜು ಉತ್ತಮ. ಎಳೆ ಬದನೆಯನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದಿಟ್ಟು, ಅದೇ ಎಣ್ಣೆಯಲ್ಲಿ ಬಳ್ಳೊಳ್ಳಿ, ಉಳ್ಳಾಗಡ್ಡಿ, ನೆನೆಸಿ ರುಬ್ಬಿದ ಎರಡು ಬ್ಯಾಡಗಿ ಮೆಣಸಿನಕಾಯಿ, ಅರ್ಧ ಕಿಲೊ ಹಣ್ಣು ಟೊಮೆಟೊ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿ ಬದನೆ ಕೂಡಿಸಬೇಕು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನೆರೆಯ ತಾಲ್ಲೂಕಿನ ಈ ಮೆಣಸಿನಕಾಯಿ ಖಾರಕ್ಕಿಂತ ಬಣ್ಣ ಹೆಚ್ಚು ಕೊಡುತ್ತದೆ, ಮಕ್ಕಳ ಬಾಯಿಗೂ ಸರಿ. ಸಿಸಿಲಿಯ ಕತಾನಿಯಾದಲ್ಲೂ ಬದನೆ ಟೊಮೆಟೊಗಳ ಪಾಸ್ತಾವೇ ಊರಿನ ಹೆಮ್ಮೆ. ಬದನೆ ಏಷ್ಯಾದ ಈ ಭಾಗದಿಂದ ಅರಬರ ಕೈಯಲ್ಲಿ ಅತ್ತ ಹೋದದ್ದು; ಟೊಮೆಟೊ, ಮೆಣಸಿನಕಾಯಿ ಅಮೆರಿಕ ಖಂಡದಿಂದ ಹಡಗೇರಿ ಅಲ್ಲಿಗೂ ಇಲ್ಲಿಗೂ ಬಂದವು.

ಇದೇ ಕಣಕದಿಂದ ಹೆಬ್ಬೆರಳಿನ ಬಿಲ್ಲೆ ಒತ್ತಿದರೆ ಮತ್ತೆ ಕಡಬಿನ ಆಕಾರ ಬರುತ್ತದೆ. ಗಿರಣಿಯ ಯಂತ್ರಕ್ಕೆ ಅಗಲ ತೂತಿನ ಬಿಲ್ಲೆ ಹಾಕಿಸಿದರೆ ದಪ್ಪ ಎಳೆಯೂ ಇಳಿಯುತ್ತದೆ. ಆ ಎಳೆಯನ್ನು ಮಾಳಿಗೆಯ ಮೇಲೆ ನೆರಳು ಬಿಸಿಲು ನೋಡಿ ಒಣಗಿಸಿ, ಶಾವಿಗೆಯ ಡಬ್ಬಿಯ ಪಕ್ಕದಲ್ಲಿ ಇನ್ನೊಂದು ಡಬ್ಬಿಗೆ ತುಂಬಿಟ್ಟರೆ ಮಾಗಿಯ ಮೆಂತ್ಯ, ಸುಲಗಾಯಿ ಸಂತೆಗೆ ಬರುವ ಹೊತ್ತಿಗೆ ಸಿದ್ಧವಿರುತ್ತದೆ.